ತಿಳಿ ಉಗುಳು

“ಬರೇ ಉಗುಳಲ್ಲ ದೊಡ್ಡವ್ವ, ಕಫ ಬೇಕು. ಎದಿಯಿಂದ ಕೆಮ್ಮಿ ತೆಗಿಬೇಕು,” ಎಂದು ಆಶಾ ಕಾರ್ಯಕರ್ತೆ ಶಾಂತಕುಮಾರಿ ಪ್ಲಾಸ್ಟಿಕ್ ಡಬ್ಬಿಯನ್ನು ಗಾದೆಮ್ಮನ ಕೈಗಿಟ್ಟಳು. ಬಿಸಿಲು ಇನ್ನೂ ಕಟ್ಟೆಗೆ ಬಂದಿರಲಿಲ್ಲ. ಗಾದೆಮ್ಮ ಆಗಷ್ಟೇ ಎದ್ದು ಕೂತಿದ್ದಳು.

“ಕಫಾನಾ?” ಮುದುಕಿ ಡಬ್ಬಿಯನ್ನು ತಿರುಗಿಸಿ ನೋಡಿದಳು. “ಹೋದ ಸಲ ಉಗುಳಿ ಕೊಡು ಅಂದಿದ್ದಿ ಅಲ್ಲವ್ವ?”

ಅಂದದ್ದು ನಿಜ. ನಾಲ್ಕು ತಿಂಗಳ ಹಿಂದೆ ಇದೇ ಕಟ್ಟೆಯ ಮೇಲೆ ಇಂಥದೇ ಡಬ್ಬಿ ಕೊಟ್ಟು, ಇನ್ನೂ ಹನ್ನೆರಡು ಮನೆ ತಿರುಗುವ ಅವಸರದಲ್ಲಿ ಅಷ್ಟೇ ಅಂದಿದ್ದಳು. ಗಾದೆಮ್ಮನಿಗೆ ಕ್ಷಯ ಇಲ್ಲ ಎಂದು ವರದಿ ಬಂತು. ಊರಲ್ಲಿ ಹೊಸದಾಗಿ ಯಾರಿಗೂ ಇಲ್ಲ ಎಂದಾಯಿತು. ಪಂಚಾಯಿತಿಗೆ ಕ್ಷಯಮುಕ್ತ ಎಂಬ ಪ್ರಮಾಣಪತ್ರ, ಶಾಂತಕುಮಾರಿಗೆ ಒಂದು ಶಾಲು ಸಿಕ್ಕವು. ಆ ಸಮಾರಂಭದಲ್ಲಿ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಗಾದೆಮ್ಮನೇ. ನಡುನಡುವೆ ಅವಳು ಕೆಮ್ಮುತ್ತಿದ್ದರಿಂದ ಭಾಷಣಕ್ಕೆ ತೊಂದರೆಯಾಗುತ್ತದೆಂದು ಯಾರೋ ನೀರು ಕುಡಿಸಿ ಹಿಂದೆ ಕೂರಿಸಿದ್ದರು. ಹೋದ ವಾರ ಅವಳ ಸೊಸೆ ಸಂಗೀತಾ ಕೆಮ್ಮಿದಾಗ ರಕ್ತ ಬಿತ್ತು. ಹಗರಿಬೊಮ್ಮನಹಳ್ಳಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಕ್ಷಯ ಎಂದರು. ಮನೆಯಲ್ಲಿ ಮೊದಲಿನಿಂದ ಕೆಮ್ಮುತ್ತಿರುವವರು ಯಾರು ಎಂದೂ ಕೇಳಿದರು.

“ನೀ ಅಂದಂಗ ಉಗುಳೇ ಕೊಟ್ಟೆ,” ಎಂದಳು ಗಾದೆಮ್ಮ, ಅಡುಗೆ ಮಾಡಿದ ಬಗೆ ಹೇಳುವವಳ ಹಾಗೆ. “ಮೊದಲು ಬಚ್ಚಲದಾಗ ಎಲ್ಲಾ ಕ್ಯಾಕರಿಸಿ ಚೆಲ್ಲಿದೆ. ಹಳದಿ ಹಳದಿ ಬಂತು. ನಾಕು ಸಲ ಬಾಯಿ ಮುಕ್ಕಳಿಸಿದೆ. ತಿಳಿ ಆದ ಮ್ಯಾಲೆ ಡಬ್ಬಿಗೆ ಉಗುಳಿದೆ. ಅವತ್ತು ಸೋಮಾರ ನೋಡು. ನೀ ಕೊಟ್ಟೂರ ಗುಡಿಗೆ ಹೋಗಿ ಬಂದು ಹಣಿಗೆ ವಿಭೂತಿ ಹಚ್ಚಿಕೊಂಡಿದ್ದಿ. ಆ ಕೈಯಾಗ ಹೊಲಸು ಹೆಂಗ ಇಡ್ಲವ್ವ? ಮನಿಗೆ ಬಂದವರಿಗೆ ನೀರು ಕೊಡೋದಾದ್ರೂ ಚರಗಿ ತೊಳದು ಕೊಡ್ತೀವಿ.”

ಮರ್ಯಾದೆಗೆ ನಮ್ಮ ಕಡೆ ಎಂದೂ ಬರ ಬಿದ್ದಿಲ್ಲ. ರೋಗವನ್ನು ಬಚ್ಚಲಿಗೆ ಚೆಲ್ಲಿ, ಮರ್ಯಾದೆಯನ್ನು ಡಬ್ಬಿಯಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದ್ದಳು ಮುದುಕಿ.

ಶಾಂತಕುಮಾರಿಗೆ ನಗು ಬರಲಿಲ್ಲ. ಅಂದು ಅವಳು ಆ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ್ದಳು. ಒಳಗೆ ಬಾವಿ ನೀರಿನಷ್ಟು ತಿಳಿ. ಇಂಥದು ಬಂದರೆ ತೆಗೆದುಕೊಳ್ಳಬೇಡಿ, ಮತ್ತೊಂದು ಡಬ್ಬಿ ಕೊಟ್ಟು ಕಫ ತೆಗೆಸಿ ಎಂದು ತರಬೇತಿಯಲ್ಲಿ ಎರಡೆರಡು ಸಲ ಹೇಳಿದ್ದರು. ಆದರೆ ಪ್ರಮಾಣಪತ್ರಕ್ಕೆ ಪಟ್ಟಿ ಕಳಿಸಲು ಎರಡೇ ದಿನ ಉಳಿದಿತ್ತು. “ಈಗೊಂದು ಕೇಸು ಬಂತಂದ್ರ ಊರ ಹೆಸರು ಹೋಗ್ತೈತಿ ನೋಡ್ರಿ” ಎಂದು ಪಂಚಾಯಿತಿಯವರು ಅಂದು ಬೆಳಿಗ್ಗೆಯಷ್ಟೇ ಫೋನು ಮಾಡಿದ್ದರು. ತಿಳಿ ಉಗುಳು ಕಂಡು ಅವಳಿಗೆ ಸಮಾಧಾನವಾಗಿತ್ತು. ಹೌದು, ಸಮಾಧಾನವೇ. ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡಿದ್ದಳು. ಆಮೇಲಿನ ನಾಲ್ಕು ತಿಂಗಳೂ ಗಾದೆಮ್ಮ ಸಂಗೀತಾಳ ಕೂಸನ್ನು ಮಗ್ಗುಲಲ್ಲೇ ಹಾಕಿಕೊಂಡು, ಕೆಮ್ಮುತ್ತ ತಟ್ಟುತ್ತ ಮಲಗಿಸಿದ್ದಳು. ನಾಳೆ ಆ ಕೂಸಿಗೂ ತಪಾಸಣೆ ಇತ್ತು.

“ಅಕ್ಕಾರ,” ಹೊಸ್ತಿಲ ಒಳಗಿನಿಂದ ಸಂಗೀತಾ ಕರೆದಳು. ಮಾಸ್ಕ್ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. “ತಿಳಿ ಉಗುಳಾದ್ರ ನೋಡಿದ ಕೂಡ್ಲೇ ಗೊತ್ತಾಗ್ತೈತಿ ಅಂದ್ರು ಡಾಕ್ಟ್ರು. ಯಾರು ಅದನ್ನ...”

“ನಾ ನೋಡಿರಲಿಲ್ಲ,” ಎಂದಳು ಶಾಂತಕುಮಾರಿ.

ಸಂಗೀತಾಳ ಮಾತು ಇನ್ನೂ ಮುಗಿದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮಾಸ್ಕಿನ ಮೇಲೆ ಕಾಣುತ್ತಿದ್ದ ಸಂಗೀತಾಳ ಎರಡು ಕಣ್ಣು ಅವಳನ್ನೇ ನೋಡುತ್ತಿದ್ದವು. ಶಾಂತಕುಮಾರಿ ತಲೆ ತಗ್ಗಿಸಿ, ಕೈಗವಸು ಹುಡುಕುವ ನೆವದಲ್ಲಿ ಚೀಲ ತಡಕಾಡಿದಳು.

“ಆಕಿನ್ಯಾಕ ಕೇಳ್ತಿ?” ಗಾದೆಮ್ಮ ಸೊಸೆಯನ್ನು ಗದರಿದಳು. “ಊರ ಮನಿ ಎಲ್ಲಾ ತಿರುಗೋ ಹೆಣಮಗಳು ನನ್ನ ಉಗುಳು ನೋಡಿಕೋತ ಕುಂದ್ರಬೇಕೇನು? ತಪ್ಪು ನಂದು. ಈ ಕೂಸಿಗೆ ಏನಾರ ಆದ್ರೂ ನಂದೇ ತಪ್ಪು.”

‘ಅಲ್ಲ ದೊಡ್ಡವ್ವ, ನಾ ನೋಡಿದ್ದೆ’ ಎಂಬ ಮಾತು ಶಾಂತಕುಮಾರಿಯ ಗಂಟಲಿನವರೆಗೆ ಬಂತು, ಹೊರಗೆ ಬರಲಿಲ್ಲ. ನಾಚಿಕೆಯಿಂದ ಹಿಡಿಯಷ್ಟಾಗಿ ನಿಂತಳು.

ಗಾದೆಮ್ಮ ಎದ್ದು ಅಂಗಳದ ಬೇವಿನ ಮರದ ಹತ್ತಿರ ಹೋಗಿ, ಬೆನ್ನು ತಿರುಗಿಸಿ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. ಡಬ್ಬಿಯ ಮುಚ್ಚಳ ಬಿಗಿದು, ಸೆರಗಿನಡಿ ಮರೆಮಾಡಿಕೊಂಡು ಬಂದಳು. ಶಾಂತಕುಮಾರಿ ಕೈ ಚಾಚಿದರೂ ಕೂಡಲೇ ಕೊಡಲಿಲ್ಲ, ಮೊದಲು ಹೊರಗೆಲ್ಲ ಸೆರಗಿನಿಂದ ಒರೆಸಿದಳು. ಈ ಸಲ ಬೆಳಕಿಗೆ ಹಿಡಿಯುವ ಅಗತ್ಯ ಬೀಳಲಿಲ್ಲ. ಗಟ್ಟಿ ಹಳದಿಯ ನಡುವೆ ಕೆಂಪು ಎಳೆಯೊಂದು ದೂರದಿಂದಲೇ ಕಾಣುತ್ತಿತ್ತು.

“ಆ ಕಡಿ ಮುಖ ಮಾಡಿ ಇಸಕೋ ಶಾಂತವ್ವ, ನೋಡಬ್ಯಾಡ,” ಎಂದಳು ಗಾದೆಮ್ಮ. “ನನಗ ನಾಚಿಕಿ ಆಗ್ತೈತಿ.”