ಕಾಲೂರಿದರೆ ನಿಲ್ಲುವ ಗಾಡಿ

ಹೇಮಶ್ರೀ ಹತ್ತಿ ಕೂತು ಬಾಗಿಲು ಎಳೆದುಕೊಂಡದ್ದೇ ತಡ, ಅಲ್ಲಿಯವರೆಗೆ ಒಂದೇ ಸಮನೆ ಓಡುತ್ತಿದ್ದ ಇಂಜಿನ್ನು ಒಮ್ಮೆ ಬಿಕ್ಕಿ ಆರಿಹೋಯಿತು. ಶ್ರೀರಂಗಪಟ್ಟಣದ ತನ್ನ ಶೆಡ್ಡಿನ ಮುಂದೆ ಇಂಜಿನ್ನಿಗೆ ಬಾಗಿದ್ದ ಮೆಕ್ಯಾನಿಕ್ಕು ಅಬ್ದುಲ್ ವಾಹಿದ ತಲೆ ಎತ್ತಿದ. ಸ್ಟೇರಿಂಗ್ ಹಿಡಿದಿದ್ದ ದೇವರಾಜು ಹೆಂಡತಿಯ ಮುಖ ನೋಡಲು ಹೋಗದೆ, ಎದುರಿಗೆ ಮೀಟರಿನ ಪಕ್ಕ ಹೊತ್ತಿಕೊಂಡಿದ್ದ ಹಳದಿ ದೀಪವನ್ನೇ ನೋಡುತ್ತ ಕುಳಿತ.

“ನೋಡುದ್ರಾ ಸಾಬ್ರೇ,” ಎಂದಳು ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತಿದ್ದ ಅವನ ತಾಯಿ ಚಿಕ್ಕಬೋರಮ್ಮ. “ಚಿನಕುರಳಿಯಿಂದ ಇಲ್ಲೀಗಂಟ ನಾನು ಮುಂದೆ ಕೂತ್ಕ ಬಂದೆ, ಗಾಡಿ ಒಂದ್ಸಲ ಕೆಮ್ಮನಿಲ್ಲ. ಅವಳು ಇಂದ್ಗಡೆ ಕ್ಯಾನುಗಳ ಜೊತೇಲಿದ್ಲು. ಈಗ ಮುಂದ್ಕೆ ಅತ್ತುದ್ಲು, ನಿಂತ್ಕತು.”

“ಅವ್ವ, ಸುಮ್ಕಿರು.”

“ಸುಮ್ಕೇ ಅವ್ನಿ ಕಣ್ಲಾ. ನಿನ್ ಮದುವೆಗೆ ಮುಂಚೆ ಇದು ನಿಲ್ತಿತ್ತಾ, ಅದೊಂದ್ ಏಳು.”

ನಿಲ್ಲುತ್ತಿರಲಿಲ್ಲ. ದೇವರಾಜುವನ್ನು ಕಾಡುತ್ತಿದ್ದದ್ದೂ ಅದೇ. ನಾಲೆಯ ಕೆಲಸ ಮುಗಿಸಿಕೊಂಡು ಹೋದ ಪರದೇಶದ ಕಂಪನಿಯೊಂದರ ಹರಾಜಿನಲ್ಲಿ ಹಿಡಿದ ಪೆಟ್ರೋಲ್ ಪಿಕಪ್ಪು ಅದು. ಸುತ್ತಲ ತಾಲೂಕುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅವನೊಬ್ಬನೇ ಹಾಲಿನ ಕ್ಯಾನು ತುಂಬಿಕೊಂಡು ಹೋದರೆ ಕುದುರೆಯ ಹಾಗೆ ಓಡುತ್ತಿತ್ತು. ಹೇಮಶ್ರೀಯನ್ನು ಕೂರಿಸಿಕೊಂಡು ಕೆ.ಆರ್. ಪೇಟೆಗೋ ನಾಗಮಂಗಲದ ಅವಳ ತವರಿಗೋ ಹೊರಟರೆ ಮಾತ್ರ ನಡುದಾರಿಯಲ್ಲಿ ನಿಲ್ಲುತ್ತಿತ್ತು.

“ಪ್ಲಗ್ ನೋಡಾಯ್ತು, ಪೆಟ್ರೋಲು ಬತ್ತಾ ಅದೆ,” ವಾಹಿದ ಕೈ ಒರೆಸಿಕೊಳ್ಳುತ್ತ ಹೇಳಿದ. “ಕಾರ್ಬೊರೇಟರ್ ಬಿಚ್ಚಾಣ ಅಂದ್ರೆ ಇದ್ಕೆ ಅದೇ ಇಲ್ಲ. ಖುದಾ ಕಸಮ್, ನನ್ಗೂ ತಿಳೀತಿಲ್ಲ ದೇವರಾಜಣ್ಣ.”

“ಸಾಬ್ರಿಗೇ ತಿಳೀದಿದ್ರೆ ಇನ್ಯಾರ್ಗೆ ತಿಳೀಬೇಕು,” ಚಿಕ್ಕಬೋರಮ್ಮ ನಿಟ್ಟುಸಿರಿಟ್ಟಳು. “ಇವತ್ತು ಸರೀಗಾಗ್ನಿಲ್ಲ ಅಂದ್ರೆ ಅವಳ್ನ ನಾಗಮಂಗಲದ ಬಸ್ಸು ಅತ್ತುಸ್ಬುಡಾನ ಕಣ್ಲಾ. ವರ್ಸೊಪ್ಪತ್ತು ಅವರಪ್ಪನ ಮನೇಲಿರ್ಲಿ. ನಂಗೇನು ಅವಳ್ ಮ್ಯಾಲೆ ಕ್ವಾಪ ಇಲ್ಲ. ಅವಳ್ ಕೈನ ಸಾರು ಬೋ ಚೆಂದ. ಕಾಲ್ಗುಣಕ್ಕೆ ಏನ್ ಮಾಡಾಕಾದದು.”

ಹೇಮಶ್ರೀ ಕೂತಲ್ಲಿಂದಲೇ, ಯಾರಿಗೆಂದು ಇಲ್ಲದೆ, ಮೆಲ್ಲಗೆ ಹೇಳಿದಳು: “ಅತ್ತೆ ಅನ್ನದು ದಿಟವೇ. ನಾನು ಕಾಲೂರುದ್ರೆ ನಿಲ್ತದೆ. ಎತ್ತಿ ಮಡಿಚ್ಕಂಡ್ರೆ ನಿಲ್ಲಲ್ಲ. ಬೇಕೂ ಅಂತ್ಲೇ ಮಾಡಿ ನೋಡಿವ್ನಿ.”

ದೇವರಾಜು ಬೆಚ್ಚಿ ತಿರುಗಿದ. “ಮತ್ತೆ ಏಳ್ನಿಲ್ವಲ್ಲಮ್ಮಿ ನೀನು.”

“ಏಳುದ್ರೆ ಏನಂತಿದ್ರಿ?”

“ಅವಳ ಬಾಯಲ್ಲೇ ಬಂತಲ್ಲ,” ಎಂದಳು ಚಿಕ್ಕಬೋರಮ್ಮ. ಆದರೆ ವಾಹಿದ ಹೇಮಶ್ರೀಯ ಕಾಲನ್ನೇ ನೋಡುತ್ತಿದ್ದ.

“ಅವ್ವಾ, ನೀವು ಗಾಡೀಲಿ ಎಂಗೆ ಕೂತ್ಕತೀರ?” ಎಂದು ಚಿಕ್ಕಬೋರಮ್ಮನನ್ನು ಕೇಳಿದ.

“ಎಂಗೆ ಅಂದ್ರೆ? ಸೀಟಿನ ಮ್ಯಾಲೆ ಚಕ್ಕಳಮಕ್ಕಳ ಆಕ್ಕಂಡು. ಮನುಸ್ರು ಕೂರಂಗೆ.”

ವಾಹಿದ ಹೇಮಶ್ರೀಯನ್ನು ಇಳಿಸಿ, ಅವಳು ಕಾಲಿಟ್ಟಿದ್ದ ಜಾಗದ ಮ್ಯಾಟು ಎತ್ತಿದ. ಅಡಿಯಲ್ಲಿ ತೆಳ್ಳನೆಯ ತಗಡು. ತಗಡಿನಡಿ ಒಂದು ಬೆಳ್ಳಿ ಬಣ್ಣದ ಪೆಟ್ಟಿಗೆ. ಅದರೊಳಕ್ಕೆ ಹೋದ ವೈರುಗಳಿಗೆ ಲೆಕ್ಕವೇ ಇಲ್ಲ. ಅಂಥದ್ದನ್ನು ಅವನೂ ನೋಡಿದ್ದು ಅದೇ ಮೊದಲು. ಗಾಡಿ ಸ್ಟಾರ್ಟ್ ಮಾಡಿಸಿ ಪೆಟ್ಟಿಗೆಯನ್ನು ಹೆಬ್ಬೆರಳಿನಿಂದ ಅಮುಕಿದ. ಇಂಜಿನ್ನು ಆರಿತು. ಇನ್ನೊಮ್ಮೆ ಸ್ಟಾರ್ಟ್ ಮಾಡಿಸಿ ಅಮುಕಿದ. ಮತ್ತೆ ಆರಿತು.

“ಗಾಡಿ ದಿಮಾಗು ಇದು. ಇಂಜಿನ್ಗೆ ಏನ್ಮಾಡ್ಬೇಕು ಅಂತ ಇದೇ ಏಳದು ಅಂತ ಕೇಳಿದ್ದೆ. ಒಳಗೆಲ್ಲೋ ಬೆಸುಗೆ ಬುಟ್ಕಂಡದೆ. ಒತ್ತುದ್ರೆ ಕರೆಂಟು ತಪ್ತದೆ.”

“ತಲೆ ತಕ್ಕೊಂಡೋಗಿ ಕಾಲಡಿ ಇಟ್ಟವ್ರಾ?” ಎಂದಳು ಚಿಕ್ಕಬೋರಮ್ಮ.

“ಅವರ್ ದೇಸದಲ್ಲಿ ಎಂಗೋ, ನಾನ್ ಕಾಣೆ.”

ದೇವರಾಜುವಿಗೆ ಎದೆ ಹಗುರಾಯಿತು. “ನೋಡ್ದಾ ಅವ್ವ? ಸಾಬ್ರು ಒತ್ತುದ್ರೂ ನಿಂತ್ಕತು.”

“ಸಾಬ್ರು ಒತ್ತಿದ್ದು ಕೈಲಿ,” ಎಂದಳು ಅವ್ವ. “ಕೈಗುಣ ಬ್ಯಾರೆ, ಕಾಲ್ಗುಣ ಬ್ಯಾರೆ.”

ತವರಿನ ಬಸ್ಸಿನ ಮಾತು ಅಲ್ಲಿಗೆ ಮುಗಿಯಲಿಲ್ಲ. ಬೇರೆ ಪೆಟ್ಟಿಗೆ ಸಿಗುವ ತನಕ ಮುಂದಕ್ಕೆ ಹೋಯಿತು, ಅಷ್ಟೆ.

ಬೆಂಗಳೂರಿನ ಗುಜರಿಯೆಲ್ಲ ತಡಕಿ ವಾಹಿದ ಅದೇ ನಂಬರಿನ ಪೆಟ್ಟಿಗೆ ತರಿಸಿದ ದಿನ ಶೆಡ್ಡಿನಲ್ಲೇ ಬಿಟ್ಟುಹೋಗಿದ್ದ ಗಾಡಿ ಒಯ್ಯಲು ಮೂವರೂ ಬಸ್ಸಿನಲ್ಲಿ ಬಂದರು. ವಾಹಿದ ಹಳೆಯದನ್ನು ಬಿಚ್ಚಿ, ತರಿಸಿದ್ದನ್ನು ಕೂರಿಸಿದ. ಗಾಡಿ ಒಂದೇ ಏಟಿಗೆ ಹೊತ್ತಿಕೊಂಡಿತು. ಹಳದಿ ದೀಪ ಕಣ್ಣು ಮಿಟುಕಿಸಿ ಆರಿತು.

“ಅತ್ತು ತಾಯಿ. ಎಷ್ಟ್ ಬೇಕಾದ್ರೂ ತುಳಿ,” ಎಂದ ವಾಹಿದ.

ಹೇಮಶ್ರೀ ಹತ್ತಿದಳು. ಮೊದಲು ಒಂದು ಕಾಲಿಟ್ಟಳು, ಆಮೇಲೆ ಇನ್ನೊಂದು. ಕೊನೆಗೆ ಬಾಗಿಲು ಹಿಡಿದು ಎದ್ದು ನಿಂತು, ರಾಗಿ ತುಳಿಯುವವಳಂತೆ ತುಳಿದಳು. ಇಂಜಿನ್ನು ಅಲುಗಲಿಲ್ಲ.

ಚಿಕ್ಕಬೋರಮ್ಮ ಗಾಡಿಯ ಮೂತಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಅಂತೂ ಇವಳ ಕಾಲ್ಗುಣ ಸರೀಗಾಯ್ತು ಬುಡ್ಲಾ. ಪಾಪ, ಅವಳೂ ನೊಂದ್ಕಂಡಿದ್ಲು.”

ವ್ಯಾಜ್ಯ ತೀರಿತೋ, ಇಲ್ಲವೋ? ದೇವರಾಜು ವಾಹಿದನ ಮುಖ ನೋಡಿದ. ವಾಹಿದ ಹಳೆಯ ಪೆಟ್ಟಿಗೆಯ ತಿರುಪು ಎಣಿಸುತ್ತಿದ್ದ.

ಹೇಮಶ್ರೀ ಇಳಿದಳು. “ನಾನು ಇಂದ್ಗಡೆ ಕೂತ್ಕತೀನಿ. ಬನ್ನಿ ಅತ್ತೆ, ನೀವು ಮುಂದ್ಕೆ. ಮಡಿಚ್ಕಬ್ಯಾಡಿ, ಕಾಲು ಕೆಳೀಕೆ ಬುಟ್ಟು ಕೂತ್ಕಳಿ.”

“ಯಾಕಮ್ಮಿ?”

“ಮಂಡಿ ನೋವು ಅಂತಿದ್ರಲ್ಲ.”

ಎಲ್ಲರೂ ನೋಡುತ್ತಿದ್ದರು. ಚಿಕ್ಕಬೋರಮ್ಮ ಸೆರಗು ಸರಿಮಾಡಿಕೊಂಡು ಹತ್ತಿದಳು.

ಸೇತುವೆ ದಾಟಿ ಗಾಡಿ ಪಾಂಡವಪುರದ ದಾರಿಗೆ ಹೊರಳಿದ ಮೇಲೆ ದೇವರಾಜು ಓರೆಗಣ್ಣಿನಲ್ಲಿ ನೋಡಿದ. ಅವ್ವ ಎರಡೂ ಕೈಯಲ್ಲಿ ಸೀಟಿನ ಅಂಚು ಬಿಗಿಹಿಡಿದು, ಮುಂದಿನ ರಸ್ತೆಯನ್ನೇ ದಿಟ್ಟಿಸುತ್ತಿದ್ದಳು. ಅವಳ ಎರಡೂ ಪಾದಗಳು ಮ್ಯಾಟಿಗಿಂತ ಗೇಣು ಮೇಲೆ, ಗಾಡಿ ಕುಲುಕಿದಾಗಲೆಲ್ಲ ನಡುಗುತ್ತ, ಗಾಳಿಯಲ್ಲೇ ನಿಂತಿದ್ದವು.