ಕ್ಯಾರಿಯರಿನ ಸಿಳ್ಳೆ

ಕಾರು ಅರವತ್ತರ ವೇಗ ದಾಟಿತು. ನಿವೃತ್ತ ಮೇಷ್ಟ್ರು ಅಭ್ಯಾಸಬಲದಿಂದ ಪಕ್ಕದ ಖಾಲಿ ಸೀಟಿನತ್ತ ವಾಲಿ, "ಏನಂದೆ?" ಎಂದು ಗಟ್ಟಿಯಾಗಿ ಕೇಳಿದರು. ಕಾರಿನೊಳಗಿನ ನಿಶ್ಶಬ್ದದಲ್ಲಿ ತಮ್ಮ ದನಿಗೆ ತಾವೇ ಬೆಚ್ಚಿದರು.

ಇಷ್ಟು ವರ್ಷ ಆ ವೇಗಕ್ಕೆ ಸರಿಯಾಗಿ ಕಾರಿನ ನೆತ್ತಿಯ ಮೇಲಿನ ಲಗೇಜ್ ಕ್ಯಾರಿಯರ್ ಗಾಳಿಗೆ ಸಿಳ್ಳೆ ಹೊಡೆಯುತ್ತಿತ್ತು. ಆ ಗದ್ದಲದಲ್ಲಿ ಹೆಂಡತಿಯ ಒಂದು ಮಾತೂ ನೆಟ್ಟಗೆ ಕೇಳಿಸುತ್ತಿರಲಿಲ್ಲ. ಅವಳು ತೀರಿಕೊಂಡು ವರ್ಷವಾಗಿತ್ತು. ಕ್ಯಾರಿಯರನ್ನು ಮೆಕ್ಯಾನಿಕ್ ಬಿಚ್ಚಿಟ್ಟದ್ದು ಇವತ್ತು ಬೆಳಿಗ್ಗೆಯಷ್ಟೆ.

ಮೇಷ್ಟ್ರು ಕಾರು ತಿರುಗಿಸಿಕೊಂಡು ಗ್ಯಾರೇಜಿಗೆ ಬಂದರು. "ಅದನ್ನ ಮತ್ತೆ ಹಾಕಿಬಿಡಪ್ಪ."

"ಗಾಳಿಗೆ ಅಡ್ಡ ನಿಲ್ಲುತ್ತೆ ಮೇಷ್ಟ್ರೇ, ಸುಮ್ನೆ ಪೆಟ್ರೋಲ್ ದಂಡ. ಈಗ ಕಾರು ಬೆಣ್ಣೆ ಹಾಗೆ ಹೋಗ್ತಿಲ್ವಾ?"

"ಹೋಗ್ತಿದೆ," ಎಂದರು ಮೇಷ್ಟ್ರು. "ಆದ್ರೆ ಸಿಳ್ಳೆ ಇದ್ದಾಗ, ಅವಳು ಏನೋ ಹೇಳ್ತಿದ್ದಾಳೆ, ನನಗೇ ಕೇಳಿಸ್ತಿಲ್ಲ ಅಂದ್ಕೋಬಹುದಿತ್ತು."