ಹೊರಡದ ಸ್ವರ

ಕೊನೆಯ ಹಾಡಿನ ತಾರಸ್ಥಾಯಿಗೆ ಗಾಯಕಿ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಪಿಯಾನೋ ನುಡಿಸುತ್ತಿದ್ದ ತಂಗಿ ತಟ್ಟನೆ ತಲೆಯೆತ್ತಿ ಅವಳತ್ತ ನೋಡಿದಳು. ಇನ್ನು ಹಾಡಿದರೆ ದನಿಯೇ ಉಳಿಯದೆಂದು ವೈದ್ಯರು ಎಚ್ಚರಿಸಿದ್ದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು.

ಹೊಸ ಬಗೆಯ ಸಂಗೀತ ಕೇಳಲೆಂದೇ ಬಂದಿದ್ದ ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಗಾಯಕಿ ಮತ್ತೊಮ್ಮೆ ಯತ್ನಿಸಿದಳು. ಕುತ್ತಿಗೆಯ ನರ ಉಬ್ಬಿತು, ಬರಿಯ ಗಾಳಿ ಬಂತು. ಅವಳು ಮೆಲ್ಲಗೆ ಬಾಯಿ ಮುಚ್ಚಿದಳು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅಕ್ಕತಂಗಿಯರು ಪರದೆಯ ಹಿಂದೆ ಹೋಗುತ್ತಲೇ, ಹಾಡು ಕಟ್ಟಿದ್ದ ಸಂಯೋಜಕ ಓಡಿ ಬಂದ. "ಅಬ್ಬಾ, ಆ ಮೌನ! ನನಗೇ ಹೊಳೆದಿರ್ಲಿಲ್ಲ ಮೇಡಂ. ನಾಳೆನೂ ಹಾಗೇ ಮಾಡ್ಬಿಡಿ."

"ಅಕ್ಕ, ನಿಜ ಹೇಳ್ಬಿಡ್ಲಾ?" ತಂಗಿ ಪಿಸುಗುಟ್ಟಿದಳು.

ಅಕ್ಕ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದು, ಬೇಡವೆಂದು ತಲೆಯಾಡಿಸಿ, ಸಂಯೋಜಕನತ್ತ ತಿರುಗಿ ನಕ್ಕಳು.